ಹವಾರಿಗಳ ದಾರಿ ಅಗ್ಗದ್ದಲ್ಲ

‘ವಿಶ್ವಾಸವಿಟ್ಟರೆ ಸಾಕು, ಕರ್ಮ ಬೇಡವೆನ್ನುವುದೇ ಕ್ರೈಸ್ತ ಧರ್ಮ’ ಎಂದು ನಮ್ಮ ಕೆಲವು ಭಾಷಣಕಾರರು ಲೇವಡಿ ಮಾಡುತ್ತಾರೆ. ಜರ್ಮನಿಯ ಪಾದ್ರಿ ಡೀಟ್ರಿಕ್ ಬೊನ್‌ಹೋಫರ್ ಅವರ ಹೆಸರನ್ನು ಇವರು ಕೇಳಿದಂತಿಲ್ಲ. ಕ್ರಿಸ್ತನ ಶಿಷ್ಯತ್ವವನ್ನು ಕುರಿತು 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬದುಕನ್ನು ಬದಲಿಸದ ವಿಶ್ವಾಸವನ್ನು ‘ಅಗ್ಗದ ಕೃಪೆ’ ಎಂದು ಅವರು ತಮ್ಮದೇ ಚರ್ಚಿನ ಮುಖಕ್ಕೆ ಹೇಳಿದರು. ಪಾದ್ರಿಗಳನ್ನು ತರಬೇತುಗೊಳಿಸುತ್ತಿದ್ದ ಅವರ ಪಾಠಶಾಲೆಯನ್ನು ಅದೇ ವರ್ಷ ಗೆಸ್ಟಾಪೊ ಮುಚ್ಚಿಸಿತು. ಹಿಟ್ಲರನ ಆಡಳಿತವು 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿತು. ತ್ರಿಯೇಕತ್ವವನ್ನು ನಾವು ಒಪ್ಪಲಾರೆವು. ಅದು ಬೇರೆ ಮಾತು.

ಪ್ರವಾದಿ ಈಸಾ(ಅ)ರ ಶಿಷ್ಯರಾದ ಹವಾರಿಗಳಂತೆ ಅಲ್ಲಾಹನ ಸಹಾಯಕರಾಗಿರೆಂದು ಅಸ್ಸಫ್ಫ್ ಅಧ್ಯಾಯದ ಕೊನೆಯ ಸೂಕ್ತ ಸತ್ಯವಿಶ್ವಾಸಿಗಳಿಗೆ ಕರೆ ನೀಡುತ್ತದೆ. ಆಡಿದ್ದನ್ನು ಮಾಡದವರ ಮೇಲಿನ ದೇವಕ್ರೋಧದ ಎಚ್ಚರಿಕೆಯಿರುವುದೂ ಅದೇ ಅಧ್ಯಾಯದ ಆರಂಭದಲ್ಲಿ.

ಕಲಿಮ ಉಚ್ಚರಿಸಿದ್ದೇವೆ, ಶಫಾಅತ್ ದೊರೆಯುತ್ತದೆಂದು ನೆಮ್ಮದಿಯಿಂದಿರುವವರೇ ಸಹೋದರಿಯ ಪಾಲನ್ನು ನುಂಗುತ್ತಿರುವುದು ಯಾರಿಗೆ ತಿಳಿದಿಲ್ಲ? ಗಂಡುಮಗನ ಪಾಲಿನ ಅರ್ಧದಷ್ಟು ಹೆಣ್ಣುಮಗಳಿಗೆಂದು ಅನ್ನಿಸಾ ಅಧ್ಯಾಯದ 11ನೇ ಸೂಕ್ತ ನಿಗದಿಪಡಿಸಿದೆ. ಇವರಾದರೋ ‘ನಿನ್ನ ಮದುವೆಗೆ ಖರ್ಚು ಮಾಡಿಲ್ಲವೇ’ ಎನ್ನುತ್ತ ಅವಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅವಳೂ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಸಹಿ ಹಾಕುತ್ತಾಳೆ. ಇದು ಅಗ್ಗದ ಕೃಪೆಯಲ್ಲದೆ ಇನ್ನೇನು?

ಕ್ರೈಸ್ತರತ್ತ ಬೆರಳು ತೋರುವ ಭಾಷಣಕಾರರು ಮುಂದಿನ ಶುಕ್ರವಾರ ಮಿಂಬರ್ ಏರಿ ಆ ಪತ್ರಗಳ ಬಗ್ಗೆ ಮಾತನಾಡಲಿ. ಅವುಗಳಿಗೆ ಸಾಕ್ಷಿ ಹಾಕಿದವರು ಮೊದಲ ಸಾಲಿನಲ್ಲೇ ಕುಳಿತಿರುತ್ತಾರೆ.