ಅಳತೆಗೆ ಸಿಕ್ಕಿದ ಮೂಳೆ, ಲೆಕ್ಕಕ್ಕೆ ಸಿಕ್ಕದ ಜೀವ

ಸುಮಾರು 30 ಗ್ರಾಂ ತೂಗುವ ಇಲಿಯ ಪ್ರಾಣಕ್ಕೆ ಬೆಲೆಯೆಷ್ಟು? ತಕ್ಕಡಿ ಹಿಡಿದು ಬಾಳಿದ ದಾವಣಗೆರೆ–ಹರಿಹರಗಳ ಜೈನ ವರ್ತಕ ಸಮಾಜವು ಈ ಲೆಕ್ಕವನ್ನು ಕೇಳಿದ್ದೇ ವಿರಳ.

ಮುಪ್ಪಿನಲ್ಲಿ ಮೂಳೆ ಸವೆದು, ಮಾಂಸ ಕರಗಿ, ಕೊಬ್ಬು ಹೆಚ್ಚುವುದೇಕೆಂದು ಅರಿಯಲು ವಿಜ್ಞಾನಿಗಳು ಇಲಿಯನ್ನು ಆಶ್ರಯಿಸಿದ್ದಾರೆ. ಎರಡು-ಮೂರು ವರ್ಷಗಳಲ್ಲೇ ಅದರ ಆಯುಷ್ಯ ಮುಗಿಯುತ್ತದೆ. ಹಿಂದೆ ಪ್ರತಿಯೊಂದು ವಯಸ್ಸಿಗೂ ಒಂದು ಗುಂಪನ್ನು ಕೊಂದು, ಮೂಳೆ ಸುಟ್ಟು ಬೂದಿಯನ್ನು ತೂಗುತ್ತಿದ್ದರು. ಈಗ ಡೆಕ್ಸಾ ಯಂತ್ರವಿದೆ. ಅರಿವಳಿಕೆಯಲ್ಲಿ ಮಲಗಿಸಿದ ಇಲಿಯ ಮೈಮೇಲೆ ಎರಡು ಭಿನ್ನ ಶಕ್ತಿಯ ಕ್ಷ-ಕಿರಣಗಳನ್ನು ಹಾಯಿಸಿ ಕೆಲವೇ ನಿಮಿಷಗಳಲ್ಲಿ ಎಲ್ಲವನ್ನೂ ಅಳೆಯುತ್ತಾರೆ. 6, 12, 18, 24ನೆಯ ತಿಂಗಳಲ್ಲಿ ಅದೇ ಇಲಿಯನ್ನು ಮತ್ತೆ ಅಳೆಯಬಹುದು. ವಯಸ್ಸಿಗೆ ಹತ್ತರಂತೆ ನಲವತ್ತು ಬೇಕಾಗಿದ್ದಲ್ಲಿ ಹತ್ತು-ಹದಿನೈದು ಸಾಕಾದೀತು. ಇದು ನಿಜವಾದ ಉಳಿತಾಯ, ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಇದನ್ನೇ ಅಹಿಂಸೆಯೆಂದು ಸಾರುವುದು ಆತ್ಮವಂಚನೆ. ಕೊನೆಯ ಅಳತೆಯಾದ ಮೇಲೆ ಮೂಳೆಯ ಸೂಕ್ಷ್ಮ ಪರೀಕ್ಷೆಗಾಗಿ ಆ ಜೀವವನ್ನು ಸಾಮಾನ್ಯವಾಗಿ ಕೊಲ್ಲುತ್ತಾರೆ. ಅಲ್ಲಿಯವರೆಗಿನ ಬಾಳೆಲ್ಲ ಪಂಜರ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲು ಎಣಿಸಿರುವುದು ಬಂಧವನ್ನೇ.

ಇನ್ನು ನಮ್ಮವರ ವಾದ: "ಗೋಶಾಲೆಗೆ ಮೇವು ಕೊಟ್ಟಿದ್ದೇವೆ, ಪ್ರಯೋಗಾಲಯದ ಗೊಡವೆ ನಮಗೇಕೆ?" ಮನೆಯ ವೃದ್ಧೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ತರುವ ಮಾತ್ರೆ ಇಂಥ ಪ್ರಾಣಿಗಳ ಮೇಲೆ ಪರೀಕ್ಷೆಗೊಂಡೇ ಬಂದದ್ದು. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಬಲ್ಲ ಶ್ರಾವಕನಿಗೆ ಈ ಜಾರಿಕೆಯ ಉತ್ತರ ಸಲ್ಲದು. ವೃದ್ಧೆಗೆ ಔಷಧ ಬೇಡವೆನ್ನುವುದೂ ಧರ್ಮವಲ್ಲ. ಋಣವನ್ನು ಒಪ್ಪಿಕೊಂಡು ತೀರಿಸುವುದೇ ಧರ್ಮ.

ಅದಕ್ಕೆ ದಾರಿ ಕಾನೂನಿನಲ್ಲೇ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ 1998ರಲ್ಲಿ ಬಂದ ನಿಯಮಗಳಂತೆ, ಪ್ರಾಣಿಪ್ರಯೋಗ ನಡೆಸುವ ಸಂಸ್ಥೆಯಲ್ಲಿ ನೈತಿಕ ಸಮಿತಿ ಇರಲೇಬೇಕು. ಅದರಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಪ್ರಜ್ಞೆಯುಳ್ಳ ಸದಸ್ಯನೊಬ್ಬನಿಗೆ ಸ್ಥಾನವುಂಟು. ದಾವಣಗೆರೆಯಲ್ಲಿ 1965ರಿಂದಲೂ ವೈದ್ಯಕೀಯ ಶಿಕ್ಷಣ ನಡೆದಿದೆ. ಅಂಥ ಪೀಠಗಳಿಗೆ ಅರ್ಹರಾದ ವಿದ್ಯಾವಂತ ಶ್ರಾವಕ-ಶ್ರಾವಿಕೆಯರನ್ನು ನಮ್ಮ ಬಸದಿ-ಮಂದಿರಗಳ ಟ್ರಸ್ಟುಗಳು ಏಕೆ ಸಿದ್ಧಗೊಳಿಸಬಾರದು? 2023ರಲ್ಲಿ ತಿದ್ದುಪಡಿಯಾದ ಔಷಧ ನಿಯಮಗಳು ಮಾನವ ಜೀವಕೋಶ ಆಧಾರಿತ ಪರೀಕ್ಷೆಗಳಿಗೂ ಅವಕಾಶ ನೀಡಿವೆ. ದಾನದ ಒಂದು ಪಾಲು ಅತ್ತ ಏಕೆ ಹರಿಯಬಾರದು?

ಕಾಲೇಜಿಗಾಗಲಿ ಆಸ್ಪತ್ರೆಗಾಗಲಿ ದೇಣಿಗೆ ನೀಡುವ ಮುನ್ನ ಮೂರು ಪ್ರಶ್ನೆಗಳನ್ನಾದರೂ ಕೇಳಬೇಕು: ಎಷ್ಟು ಜೀವಗಳು? ಯಾವ ಅನಿವಾರ್ಯಕ್ಕೆ? ಅಳತೆಯಾದ ಮೇಲೆ ಅವುಗಳ ಗತಿಯೇನು? ರಸೀದಿಯಿಲ್ಲದೆ ಹಣ ಕೊಡದವರು, ಉತ್ತರವಿಲ್ಲದೆ ದಾನ ಕೊಡುವುದು ತರವಲ್ಲ.