ಮುಧೋಳ ನಾಯಿಯ ಕೊರಳಿಗೆ ಅಳತೆ ನೋಡಿ ಬೆಲ್ಟ್ ಹಾಕಿ

ಉಜಿರೆ ದಾಟಿ ಚಾರ್ಮಾಡಿ ಘಾಟಿಯ ಕಡೆ ಹೊರಟರೆ ಸಿಗುವ ಮುಂಡಾಜೆಯಲ್ಲಿ ನಾಯಿ ಸಾಕುವುದು ಬರೀ ಶೋಕಿಯ ಮಾತಲ್ಲ. ಅಡಿಕೆ ತೋಟಕ್ಕೆ ಹಗಲು ಮಂಗಗಳು ನುಗ್ಗುತ್ತವೆ, ರಾತ್ರಿ ಕಾಡುಹಂದಿ ಬರುತ್ತದೆ, ತೋಟದ ನಡುವಿನ ಮನೆಗೆ ನೆರೆಮನೆ ದೂರವಿರುತ್ತದೆ. ಇಂಥ ಕಡೆ ಮುಧೋಳ ತಳಿಯನ್ನೋ ಗ್ರೇಹೌಂಡನ್ನೋ ತರಲು ಹೊರಟವರು ಮರಿಯ ಬೆಲೆ, ಊಟ, ಲಸಿಕೆ ಎಲ್ಲವನ್ನೂ ನಾಲ್ಕು ಜನರಲ್ಲಿ ವಿಚಾರಿಸುತ್ತಾರೆ. ಕೊರಳಿಗೆ ಹಾಕುವ ಬೆಲ್ಟಿನ ವಿಚಾರಕ್ಕೆ ಬಂದಾಗ ಮಾತ್ರ ಅಂಗಡಿಯವರು ಕೊಟ್ಟದ್ದನ್ನು ತಂದು ಬಿಗಿಯುತ್ತಾರೆ. ಈ ಜಾತಿಯ ನಾಯಿಗಳ ಮಟ್ಟಿಗೆ ಆ ಉದಾಸೀನ ಪ್ರಾಣಕ್ಕೇ ಎರವಾಗಬಹುದು. ಉದ್ದ ಕೊರಳಿನ ಬೇಟೆನಾಯಿಗೆ ಅಗಲವಾದ, ತಲೆಯಿಂದ ಜಾರದ, ಅಳತೆ ನೋಡಿ ಮಾಡಿದ ಬೆಲ್ಟೇ ಬೇಕು. ಅದೂ ಜೊತೆಯಲ್ಲಿ ನಡೆಸಿಕೊಂಡು ಹೋಗಲಿಕ್ಕೆ ಮಾತ್ರ, ದಿನವಿಡೀ ಕಟ್ಟಿಹಾಕಲಿಕ್ಕಲ್ಲ.

ಕಾರಣ ಈ ನಾಯಿಗಳ ಮೈಕಟ್ಟಿನಲ್ಲೇ ಇದೆ. ಮುಧೋಳ ನಾಯಿ ನಮ್ಮ ರಾಜ್ಯದ್ದೇ ತಳಿ. ಮುಧೋಳದ ಘೋರ್ಪಡೆ ಅರಸರು ಇದನ್ನು ಪೋಷಿಸಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಗ್ರೇಹೌಂಡಿನಂತೆ ಇದೂ ಮೂಗಿಗಿಂತ ಕಣ್ಣನ್ನು ನಂಬಿ, ಓಡಿ ಹಿಡಿಯುವ ಬೇಟೆನಾಯಿ. ಎದೆ ಆಳ, ಸೊಂಟ ಸಣ್ಣ, ಕೊರಳು ಉದ್ದ, ಚರ್ಮ ತೆಳು, ಮೈಮೇಲೆ ಕೊಬ್ಬು ಕಡಿಮೆ. ಲ್ಯಾಬ್ರಡಾರಿಗೂ ನಮ್ಮ ಊರನಾಯಿಗೂ ತಲೆ ಕೊರಳಿಗಿಂತ ದಪ್ಪ ಇರುವುದರಿಂದ ಬೆಲ್ಟ್ ಕಿವಿಯ ಹಿಂದೆ ತಡೆದು ನಿಲ್ಲುತ್ತದೆ. ಈ ನಾಯಿಗಳ ತಲೆ ಸಣ್ಣದು, ಕಿರಿದು. ಕೊರಳಿನ ಸುತ್ತಳತೆ ಹೆಚ್ಚುಕಡಿಮೆ ತಲೆಯಷ್ಟೇ ಇರುತ್ತದೆ, ಕೆಲವು ನಾಯಿಗಳಲ್ಲಿ ಅದಕ್ಕಿಂತ ಹೆಚ್ಚು. ಬೇರೆ ನಾಯಿಗೆಂದು ಮಾಡಿದ ಬೆಲ್ಟ್ ಇವುಗಳ ಕೊರಳಲ್ಲಿ ನಿಲ್ಲಬೇಕೆಂದು ಬಯಸುವುದೇ ತಪ್ಪು.

ಬೆಲ್ಟ್ ಜಾರುವ ಬಗೆಯನ್ನು ಗಮನಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಮುಂದಕ್ಕೆ ಎಳೆಯುವಾಗ ನಾಯಿ ಬೆಲ್ಟಿನಿಂದ ತಪ್ಪಿಸಿಕೊಳ್ಳುವುದಿಲ್ಲ, ತಪ್ಪಿಸಿಕೊಳ್ಳುವುದು ಬೆದರಿ ಹಿಂದಕ್ಕೆ ಸರಿಯುವಾಗ. ಲಾರಿಯ ಹಾರ್ನ್ ಕೇಳಿ ಅದು ಗಕ್ಕನೆ ನಿಲ್ಲುತ್ತದೆ, ಮುಂಗಾಲುಗಳನ್ನು ನೆಲಕ್ಕೆ ಊರುತ್ತದೆ, ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದಿಡುತ್ತದೆ. ಹಿಡಿದವರು ಹಗ್ಗವನ್ನು ತಮ್ಮತ್ತ ಎಳೆದಷ್ಟೂ ಬೆಲ್ಟ್ ಕಿವಿಗಳನ್ನು ಮಡಚಿಕೊಂಡು ತಲೆಯ ಮೇಲೆ ಜಾರುತ್ತದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಖಾಲಿ ಬೆಲ್ಟ್ ಕೈಯಲ್ಲಿ ಉಳಿಯುತ್ತದೆ, ನಾಯಿ ರಸ್ತೆಯ ಮೇಲಿರುತ್ತದೆ. ಮುಂಡಾಜೆಯ ಮೂಲಕ ಹೋಗುವುದು ರಾಷ್ಟ್ರೀಯ ಹೆದ್ದಾರಿ 73, ಘಾಟಿ ಹತ್ತುವ ಇಳಿಯುವ ವಾಹನಗಳ ದಾರಿ. ಕಣ್ಣಿಗೆ ಬಿದ್ದುದರ ಬೆನ್ನು ಹತ್ತುವ ಇಷ್ಟು ವೇಗದ ನಾಯಿಯನ್ನು ಹೆದ್ದಾರಿಯಲ್ಲಿ ಓಡಿ ಹಿಡಿಯುವುದು ಮನುಷ್ಯನಿಂದ ಆಗದ ಕೆಲಸ.

ಹಾಗಾದರೆ ಬೆಲ್ಟನ್ನು ಇನ್ನೊಂದು ತೂತು ಬಿಗಿ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಜಾರದಷ್ಟು ಬಿಗಿದ ಸಾದಾ ಬೆಲ್ಟ್ ದಿನವಿಡೀ ಕೊರಳನ್ನು ಒತ್ತುತ್ತದೆ, ತೆಳು ಚರ್ಮ ಉಜ್ಜಿ ಗಾಯವಾಗುತ್ತದೆ. ಎಳೆತದ ಒತ್ತಡದ ಬಗ್ಗೆ ಅಧ್ಯಯನಗಳೂ ಆಗಿವೆ. ಬೆಲ್ಟ್ ಹಾಕಿಕೊಂಡು ಎಳೆಯುವಾಗ ನಾಯಿಯ ಕಣ್ಣಿನೊಳಗಿನ ಒತ್ತಡ ಏರುತ್ತದೆಂದು ಅಮೆರಿಕದ ಸಂಶೋಧಕರು 2006ರಲ್ಲಿ ತೋರಿಸಿದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸಂಶೋಧಕರು 2020ರಲ್ಲಿ ಕೃತಕ ಕೊರಳಿನ ಮೇಲೆ ಹಲವು ಬಗೆಯ ಬೆಲ್ಟುಗಳನ್ನು ಪರೀಕ್ಷಿಸಿ, ಜಗ್ಗಿ ಎಳೆದಾಗ ಅಪಾಯವೇ ಇಲ್ಲವೆನ್ನುವಂಥ ಬೆಲ್ಟ್ ಒಂದೂ ಇಲ್ಲ ಎಂದರು. ಅಂದಮೇಲೆ ಒತ್ತಡವನ್ನು ಆದಷ್ಟು ಹಂಚುವುದೇ ಜಾಣತನ. ಒಂದೇ ಎಳೆತಕ್ಕೆ 2 ಸೆಂಟಿಮೀಟರ್ ಅಗಲದ ಪಟ್ಟಿಗಿಂತ 4 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಚರ್ಮದ ಮೇಲೆ ಬೀಳುವ ಒತ್ತಡ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಳೆದಷ್ಟೂ ಬಿಗಿಯುವ ಕಬ್ಬಿಣದ ಚೋಕ್ ಚೈನಿಗೆ ಈ ನಾಯಿಗಳ ಕೊರಳಲ್ಲಿ ಜಾಗವೇ ಇಲ್ಲ.

ಬಿಗಿಯೂ ಇರಬಾರದು, ಜಾರಲೂ ಬಾರದು ಎಂಬ ಎರಡು ಬೇಡಿಕೆಗೂ ಒದಗುವುದು ಮಾರ್ಟಿಂಗೇಲ್ ಎಂಬ ಬಗೆಯ ಬೆಲ್ಟ್. ಅದರಲ್ಲಿ ಕೊರಳಿಗೆ ಒಂದು ಅಗಲ ಪಟ್ಟಿ, ಆ ಪಟ್ಟಿಯ ಎರಡು ತುದಿಯ ಬಳೆಗಳೊಳಗೆ ಹಾದುಹೋಗುವ ಇನ್ನೊಂದು ಸಣ್ಣ ಕುಣಿಕೆ ಇರುತ್ತವೆ. ಹಗ್ಗ ಸಿಕ್ಕಿಸುವುದು ಸಣ್ಣ ಕುಣಿಕೆಗೆ. ನಾಯಿ ಸುಮ್ಮನೆ ನಡೆಯುವಾಗ ಪಟ್ಟಿ ಸಡಿಲ, ಹಿಂದಕ್ಕೆ ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿ. ಇದೂ ಉಸಿರು ಕಟ್ಟಿಸುವ ಸಾಧನವೇ ಎಂಬ ಆಕ್ಷೇಪಕ್ಕೆ ಈ ಮಿತಿಯೇ ಉತ್ತರ, ಆದರೆ ಮಿತಿ ಅಳತೆಯಿಂದ ಬರುತ್ತದೆ. ಬಟ್ಟೆಯ ಟೇಪಿನಲ್ಲಿ ಕಿವಿಗಳ ಹಿಂದೆಯೇ, ಕೊರಳಿನ ಮೇಲ್ತುದಿಯಲ್ಲಿ ಸುತ್ತಳತೆ ತೆಗೆಯಬೇಕು. ಪೂರ್ತಿ ಎಳೆದಾಗ ಬೆಲ್ಟ್ ಅಲ್ಲಿ ಹಿತವಾಗಿ ಕೂರಬೇಕು, ಎರಡು ಬಳೆಗಳ ನಡುವೆ ಎರಡು ಬೆರಳಿನಷ್ಟು ಅಂತರ ಉಳಿದಿರಬೇಕು. ಬಳೆಗಳು ಒಂದಕ್ಕೊಂದು ತಾಗಿದರೆ ಬೆಲ್ಟ್ ದೊಡ್ಡದಾಯಿತು, ಅದು ಜಾರುತ್ತದೆ. ಬೆಳೆಯುವ ಮರಿಗೆ ಈ ಅಳತೆಯನ್ನು ಆಗಾಗ ಹೊಸದಾಗಿ ನೋಡಬೇಕು, ಇಲ್ಲವಾದರೆ ಬೆಲ್ಟ್ ಚರ್ಮದೊಳಗೆ ಹೂತುಹೋಗುತ್ತದೆ.

ಎದೆಗೆ ಹಾಕುವ ಹಾರ್ನೆಸ್ ಇರುವಾಗ ಕೊರಳಿಗೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಜೋರಾಗಿ ಎಳೆಯುವ ಅಭ್ಯಾಸವಿರುವ ಅಥವಾ ಕಣ್ಣಿನ ತೊಂದರೆಯಿರುವ ನಾಯಿಗೆ ಹಾರ್ನೆಸ್ಸೇ ವಾಸಿ. ಆದರೆ ಆಳ ಎದೆ, ಸಣ್ಣ ಸೊಂಟದ ಈ ನಾಯಿಗಳು ಸಾಮಾನ್ಯ ಹಾರ್ನೆಸ್ಸಿನಿಂದಲೂ ಹಿಂದಕ್ಕೆ ನುಸುಳಿ ಹೊರಬರಬಲ್ಲವು. ಪಕ್ಕೆಲುಬಿನ ಹಿಂದೆ ಸೊಂಟಕ್ಕೆ ಇನ್ನೊಂದು ಪಟ್ಟಿ ಇರುವಂಥದ್ದನ್ನೇ ಆರಿಸಬೇಕು. ನಮ್ಮ ಹಿರಿಯರು ಸಾದಾ ಬೆಲ್ಟಿನಲ್ಲೇ ನಾಯಿ ಸಾಕಲಿಲ್ಲವೇ ಎಂದರೆ, ಸಾಕಿದ್ದು ಊರನಾಯಿಯನ್ನು. ಅಗಲ ಪಟ್ಟಿಯ ತಿಳಿವಳಿಕೆ ಹೊಸದೇನಲ್ಲ. ಈಜಿಪ್ಟಿನಲ್ಲಿ ಮೈಹೆರ್‌ಪ್ರಿ ಎಂಬಾತನ ಸಮಾಧಿಯಲ್ಲಿ 1899ರಲ್ಲಿ ಸಿಕ್ಕ, 3,300 ವರ್ಷಗಳಿಗೂ ಹಿಂದಿನ, ನಾಯಿಯ ಕೊರಳಿಗೆ ಹಾಕುವ ಚರ್ಮದ ಪಟ್ಟಿಗಳಲ್ಲಿ ಒಂದರ ಮೇಲೆ ಬೇಟೆಯ ಚಿತ್ರಗಳನ್ನೇ ಬಿಡಿಸಿದ್ದಾರೆ, ಅಷ್ಟು ಅಗಲ.

ಎಷ್ಟೇ ಒಳ್ಳೆಯ ಬೆಲ್ಟಾದರೂ ಅದಕ್ಕೆ ಚೈನು ಸಿಕ್ಕಿಸಿ ಅಂಗಳದಲ್ಲಿ ಬಿಗಿದರೆ ಆರಿಸಿದ ಶ್ರಮವೆಲ್ಲ ವ್ಯರ್ಥ. ಕಟ್ಟಿದ ಬೇಟೆನಾಯಿ ಮಂಗವನ್ನು ಕಂಡು ಛಂಗನೆ ಹಾರಿದರೆ ಚೈನು ಮುಗಿಯುವಲ್ಲಿ ಇಡೀ ಮೈಯ ಭಾರ ಕೊರಳ ಮೇಲೆ ಬೀಳುತ್ತದೆ. ಮಾರ್ಟಿಂಗೇಲ್ ಹಾಕಿ ಕಟ್ಟಿಬಿಟ್ಟು ಹೋಗುವುದಂತೂ ಸಲ್ಲದು, ಎಲ್ಲಾದರೂ ಸಿಕ್ಕಿಕೊಂಡರೆ ಅದು ಬಿಗಿದೇ ಉಳಿಯುತ್ತದೆ. ಕಟ್ಟದೆ ಬಿಟ್ಟರೆ ನಾಯಿ ದಾರಿಹೋಕರನ್ನು ಕಚ್ಚುತ್ತದೆ, ನೆರೆಮನೆಯ ಕೋಳಿ ಹಿಡಿಯುತ್ತದೆ ಎಂಬ ಚಿಂತೆ ಸರಿಯಾದದ್ದೇ. ಅದಕ್ಕೆ ಪರಿಹಾರ ಬೇಲಿ ಹಾಕಿದ ಜಾಗ, ವಿಶಾಲ ಗೂಡು, ಬೆಳಿಗ್ಗೆ ಸಂಜೆಯ ನಡಿಗೆ. ರಾತ್ರಿ ಹೊರಗೆ ಕಟ್ಟಿದ ನಾಯಿ ಘಾಟಿಯ ತಪ್ಪಲಿನಲ್ಲಿ ಚಿರತೆಗೆ ಸುಲಭದ ತುತ್ತು ಎಂಬುದನ್ನೂ ಮರೆಯಬಾರದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟುವುದೂ, ಸದಾ ಕಟ್ಟಿರುವ ನಾಯಿಗೆ ವ್ಯಾಯಾಮ ಕೊಡದಿರುವುದೂ ಅಪರಾಧ.

ಇದೆಲ್ಲ ಖರ್ಚಿನ ಬಾಬತ್ತು ಎಂದು ಹಿಂಜರಿಯಬೇಕಿಲ್ಲ. ಪೇಟೆಯಲ್ಲಿ ಸಿಗದಿದ್ದರೆ ಬ್ಯಾಗ್ ಹೊಲಿಯುವವರಲ್ಲಿ ಅಳತೆ ಕೊಟ್ಟು, ಒಳಗೆ ಮೆತ್ತನೆ ಬಟ್ಟೆ ಕೂರಿಸಿದ ನೈಲಾನ್ ಪಟ್ಟಿ ಹೊಲಿಸಬಹುದು. ನಮ್ಮ ಮಳೆಗಾಲಕ್ಕೆ ಅದೇ ಒಳ್ಳೆಯದು, ಚರ್ಮದ ಬೆಲ್ಟ್ ಇಲ್ಲಿ ಬೂಷ್ಟು ಹಿಡಿದು ಗಡುಸಾಗುತ್ತದೆ. ಒದ್ದೆ ಬೆಲ್ಟನ್ನು ಕೊರಳಲ್ಲೇ ಬಿಡಬೇಡಿ. ಒಳಗೆ ಬಂದೊಡನೆ ಬಿಚ್ಚಿ, ಅದರಡಿಯಲ್ಲಿ ಉಣ್ಣೆ ಕಚ್ಚಿದೆಯೇ, ಕೂದಲು ಉದುರಿದೆಯೇ ಎಂದು ಬೆರಳಾಡಿಸಿ ನೋಡಿ. ಮರಿ ಮಾರುವವರು, ಬೆಲ್ಟ್ ಮಾರುವ ಅಂಗಡಿಯವರು, ಲಸಿಕೆ ಹಾಕುವ ಪಶುವೈದ್ಯರು ನಾಯಿಯ ಕೊರಳಳತೆಯ ಬಗ್ಗೆ ಒಂದು ಮಾತು ಹೇಳುವ ರೂಢಿ ಮಾಡಿಕೊಳ್ಳಲಿ. ಮುಧೋಳ ನಾಯಿಯನ್ನು ಮನೆಗೆ ತರುವವರು ಮರಿಗೆ ಮುಂಗಡ ಕೊಡುವ ಮೊದಲೇ ಬೇಲಿ ಹಾಕಿಸಲಿ, ಮರಿ ಬಂದ ದಿನವೇ ಟೇಪು ಹಿಡಿಯಲಿ. ಇವೆರಡೂ ಆಗದ ಮನೆಗೆ ಈ ನಾಯಿ ಬೇಡ.