ಪ್ರೊಡ್ಯೂಸರ್ ಅಂದ್ರೆ ಯಾರು ಸ್ವಾಮಿ?

ನಮ್ಮಲ್ಲಿ 'ಪ್ರೊಡ್ಯೂಸರ್' ಅಂದ ಕೂಡಲೇ ಕಣ್ಣ ಮುಂದೆ ಬರೋದು ಗಾಂಧಿನಗರ, ಬಿಳಿ ಶರ್ಟು, ಕೊರಳಲ್ಲಿ ದಪ್ಪ ಸರ. ಅಂದ್ರೆ ದುಡ್ಡು ಹಾಕೋ ಮನುಷ್ಯ. ಆದರೆ ಈಗ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಮಹಡಿ ಮೇಲಿನ ಸಣ್ಣ ರೂಮುಗಳಲ್ಲಿ ಬೇರೆ ಥರದ ಪ್ರೊಡ್ಯೂಸರ್‌ಗಳು ಹುಟ್ಟಿಕೊಂಡಿದ್ದಾರೆ. ಒಂದು ಲ್ಯಾಪ್‌ಟಾಪು, ಒಂದು ಮೈಕು, ಒಂದು ಕೀಬೋರ್ಡು, ಗೋಡೆಗೆ ಅಂಟಿಸಿದ ಫೋಮು. ಪಕ್ಕದ ಮನೆ ಕುಕ್ಕರ್ ಕೂಗೋದು ನಿಂತ ಮೇಲೆ ರಾತ್ರಿ ರೆಕಾರ್ಡಿಂಗ್ :-) ಇವರು ದುಡ್ಡು ಹಾಕೋರಲ್ಲ. ಇವರಿಗೇ ದುಡ್ಡು ಬರಬೇಕು. ಬರುತ್ತಾ? ಅದೇ ಇವತ್ತಿನ ವಿಷಯ.

ಒಂದು ಕಾಲದಲ್ಲಿ ಕನ್ನಡ ಸಿನಿಮಾ ಹಾಡಿಗೆ ಮದ್ರಾಸಿನ ದಾರಿ ಹಿಡಿಯಬೇಕಿತ್ತು. ಶಂಕರ್ ನಾಗ್ ಮತ್ತು ಅನಂತ್ ನಾಗ್ ಬೆಂಗಳೂರಿನಲ್ಲಿ 'ಸಂಕೇತ್' ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದ್ದು ಆಗ ದೊಡ್ಡ ಸಾಹಸ. ಸುಗಮ ಸಂಗೀತಕ್ಕೆ ಕ್ಯಾಸೆಟ್ಟು ದಾರಿ ತೆರೆಯಿತು. ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಕೊಟ್ಟ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಅವತ್ತು ಸ್ಟುಡಿಯೋ, ಕಂಪನಿ, ಅಂಗಡಿ ಎಲ್ಲಾ ಬೇಕಿತ್ತು. ಇವತ್ತು ಯಂತ್ರದ ಖರ್ಚು ಎಷ್ಟೋ ಕಡಿಮೆ. ಆಡಾಸಿಟಿ ಪೂರ್ತಿ ಉಚಿತ. ರೀಪರ್‌ನಂಥ ತಂತ್ರಾಂಶಕ್ಕೆ ಸಣ್ಣ ಉದ್ಯಮದವರು ಕೊಡಬೇಕಾದ್ದು 60 ಡಾಲರ್. ಅಂದರೆ ಹಾಡು ಮಾಡೋದು ಸುಲಭವಾಯ್ತು. ಮಾಡಿದ ಹಾಡಿಂದ ಬದುಕೋದು ಮಾತ್ರ ಸುಲಭ ಆಗಿಲ್ಲ.

ನನ್ನ ಗೆಳೆಯನೊಬ್ಬ ಕೆಲಸ ಬಿಟ್ಟು ವಿಜಯನಗರದಲ್ಲಿ ಇಂಥದ್ದೇ ರೂಮು ಮಾಡಿದ್ದಾನೆ. ಒಂದು ಭಕ್ತಿಗೀತೆ ಆಲ್ಬಂಗೆ ರಾಗ ಹಾಕಿ, ವಾದ್ಯ ಜೋಡಿಸಿ, ಮಿಕ್ಸ್ ಮಾಡಿ ಕೊಟ್ಟ. ಮಾತಾಗಿದ್ದೆಲ್ಲಾ ಫೋನಿನಲ್ಲಿ. "ಇನ್ನೊಂದ್ ಸಣ್ಣ ಚೇಂಜು" ಅಂತ ಹತ್ತು ಸಲ ತಿದ್ದಿಸಿಕೊಂಡರು. ನಾಲ್ಕು ತಿಂಗಳಾದರೂ ಪೂರ್ತಿ ದುಡ್ಡಿಲ್ಲ. "ಮಗಾ, ವಾಪಸ್ ಕೆಲಸಕ್ಕೆ ಸೇರ್ಕೊಂಡ್ಬಿಡ್ಲಾ?" ಅಂತಾನೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸೋಕೂ ಚೇಂಜ್ ರಿಕ್ವೆಸ್ಟ್ ಬರೆಸಿಕೊಳ್ತೀವಿ. ಹಾಡಿಗೆ ಮಾತ್ರ ಬಾಯಿಮಾತು ಸಾಕಾ?

ಕಾನೂನಿನಲ್ಲಿ ಒಂದು ತಮಾಷೆ ಇದೆ ನೋಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಧ್ವನಿಮುದ್ರಣದ 'ಪ್ರೊಡ್ಯೂಸರ್' ಅಂದ್ರೆ ಅದನ್ನು ಮಾಡಿಸಲು ಮುಂದಾಗಿ, ಜವಾಬ್ದಾರಿ ಹೊತ್ತವನು. ರಾತ್ರಿಯೆಲ್ಲಾ ಕೂತು ಮಿಕ್ಸ್ ಮಾಡಿದವನು ಅಂತ ಅಲ್ಲಿ ಬರೆದಿಲ್ಲ! ಹಾಗಾಗಿ ಆಲ್ಬಂ ಮಾಡಿಸಿದವರು "ನಾವೇ ಪ್ರೊಡ್ಯೂಸರ್" ಅಂದರೆ ನಮ್ಮ ಹುಡುಗ ಬಾಯಿ ಬಿಡೋದು ಕಷ್ಟ. ರಾಗ ಹಾಕಿದವನಿಗೂ ಸಾಹಿತ್ಯ ಬರೆದವರಿಗೂ ಬೇರೆ ಹಕ್ಕಿದೆ. 2012ರ ತಿದ್ದುಪಡಿ ಆದ ಮೇಲೆ ಅವರ ರಾಯಲ್ಟಿ ಪಾಲನ್ನು ಒಂದೇ ಸಲ ದುಡ್ಡು ಕೊಟ್ಟು ಪೂರ್ತಿ ಬರೆಸಿಕೊಳ್ಳೋಕೆ ಆಗಲ್ಲ. ಬರೀ ವಾದ್ಯ ಜೋಡಿಸಿ ಮಿಕ್ಸ್ ಮಾಡಿದವನಿಗೆ ಇಂಥ ರಕ್ಷಣೆ ತಾನಾಗೇ ಸಿಗಲ್ಲ. ಅವನಿಗೆ ಇರೋದು ಕಾಗದ ಒಂದೇ.

ಹಾಗಾದರೆ ಕಾಗದ ಯಾಕೆ ಕೇಳಲ್ಲ? ಹೆದರಿಕೆ. "ಕೇಳಿದರೆ ಕೆಲಸ ಇನ್ನೊಬ್ಬನಿಗೆ ಹೋಗುತ್ತೆ." ಆ ಹೆದರಿಕೆ ನಿಜವೇ. ಕೈಯಲ್ಲಿ ಬೇರೆ ಆದಾಯ ಇಲ್ಲದವನಿಗೆ 'ಆಗಲ್ಲ' ಅನ್ನೋ ಧೈರ್ಯ ಎಲ್ಲಿಂದ ಬರಬೇಕು?

ನನ್ನ ಪ್ರಕಾರ ಆ ಧೈರ್ಯ ಬರೋದು ಪಾಠದಿಂದ.

ಈ ಹುಡುಗರಲ್ಲಿ ಅನೇಕರಿಗೆ ಪಾಠ ಹೇಳೋದು ಅಂದ್ರೆ ಸೋತವರ ಕೆಲಸ. "ಹಾಡು ಓಡಲಿಲ್ಲ, ಅದಕ್ಕೆ ಕ್ಲಾಸ್ ತಗೋತಾನೆ" ಅಂತ ಜನ ಅಂದುಕೊಂಡಾರು ಅನ್ನೋ ಸಂಕೋಚ. ಯಾಕ್ರೀ? ಸಂಗೀತದ ಮೇಷ್ಟ್ರಿಗೆ, ಟೀಚರಿಗೆ ನಮ್ಮ ಬಡಾವಣೆಗಳಲ್ಲಿ ಇರೋ ಮರ್ಯಾದೆ ಕಡಿಮೆಯದಾ? ಜೂನಿಯರ್, ಸೀನಿಯರ್ ಪರೀಕ್ಷೆಗೆ ಮಕ್ಕಳನ್ನು ಕಳಿಸೋ ಅಭ್ಯಾಸ ಇಲ್ಲಿ ಎಷ್ಟು ಹಳೆಯದು! ಅದೇ ಮನೆಗಳ ಮಕ್ಕಳಿಗೆ ಈಗ ತಾವು ಹಾಡಿದ್ದನ್ನು ಚೆನ್ನಾಗಿ ರೆಕಾರ್ಡ್ ಮಾಡೋದು ಹೇಗೆ ಅಂತಲೂ ಗೊತ್ತಾಗಬೇಕು. 2021ರಿಂದ ಕೆಂಗೇರಿಗೂ ಮೆಟ್ರೋ ಬಂದಿದೆ, ಅಲ್ಲಿಂದ ವಿಜಯನಗರಕ್ಕೆ ಕಲಿಯೋಕೆ ಬರೋದು ಕಷ್ಟವಲ್ಲ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: 12 ಜನ ವಿದ್ಯಾರ್ಥಿಗಳು, ತಲಾ 2000 ರೂಪಾಯಿ. ತಿಂಗಳಿಗೆ 24,000. ಸಾಫ್ಟ್‌ವೇರ್ ಸಂಬಳದ ಪಕ್ಕ ಇಟ್ಟರೆ ಇದು ಸಣ್ಣದೇ. ಆದರೆ ರೂಮಿನ ಬಾಡಿಗೆ, ಕರೆಂಟು ಕಳೆಯುತ್ತೆ, ಪ್ರತಿ ತಿಂಗಳೂ ಬರುತ್ತೆ. ಇದನ್ನು ಸ್ಟ್ರೀಮಿಂಗ್ ಜೊತೆ ಹೋಲಿಸಿ: 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿನ ರೆಕಾರ್ಡಿಂಗ್‌ಗೆ 2024ರಿಂದ ಸ್ಪಾಟಿಫೈ ದುಡ್ಡೇ ಕೊಡಲ್ಲ. ಪಾಠ ಅನ್ನ, ರಾಯಲ್ಟಿ ಉಪ್ಪಿನಕಾಯಿ. ಉಪ್ಪಿನಕಾಯಿ ಬೇಕು, ಆದರೆ ಅದನ್ನೇ ನೆಚ್ಚಿ ಊಟಕ್ಕೆ ಕೂರೋಕಾಗಲ್ಲ.

ಅನ್ನ ಗಟ್ಟಿಯಾದ ಮೇಲೆ ಕಾಗದ ಕೇಳಿ. ಒಂದು ಪುಟ ಸಾಕು. ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷಕ್ಕೆ, ಯಾವ ಊರು-ದೇಶಗಳಿಗೆ, ಎಷ್ಟು ದುಡ್ಡು, ಎಷ್ಟು ಸಲ ತಿದ್ದುವಿಕೆ, ಮುಂಗಡ ಎಷ್ಟು. ಹಕ್ಕು ಬರೆದುಕೊಟ್ಟಾಗ ಅವಧಿ ಹಾಕದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತಲೂ, ಜಾಗ ಹಾಕದಿದ್ದರೆ ಭಾರತಕ್ಕೆ ಮಾತ್ರ ಅಂತಲೂ ಎಣಿಸುತ್ತೆ.

ಕೆಲಸ ಒಪ್ಪಿಕೊಳ್ಳೋ ಮುಂಚೆಯೇ 'ಉದ್ಯಮ್' ನೋಂದಣಿ ಮಾಡಿಸಿಕೊಳ್ಳಿ. 2020ರ ಜುಲೈನಿಂದ ಅಂತರ್ಜಾಲದಲ್ಲೇ ಆಗುತ್ತೆ, ಶುಲ್ಕ ಇಲ್ಲ. ಸಣ್ಣ ಉದ್ಯಮಗಳ 2006ರ ಕಾಯ್ದೆ ಪ್ರಕಾರ ಕೆಲಸ ಮಾಡಿಸಿಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ಈ ಅಸ್ತ್ರ ಕೈಯಲ್ಲಿದೆ ಅಂತ ಎಷ್ಟು ಜನ ಸಂಗೀತದವರಿಗೆ ಗೊತ್ತು?

"ಕಲೆಯಲ್ಲಿ ನಂಬಿಕೆ ಮುಖ್ಯ, ಕಾಗದ ಅಲ್ಲ" ಅಂತ ಹಿರಿಯರೊಬ್ಬರು ನನಗೆ ಹೇಳಿದರು. ಇರಬಹುದು. ಆದರೆ ಬಾಡಿಗೆ ಮನೆಗೆ ಹೋಗುವಾಗ ಹನ್ನೊಂದು ತಿಂಗಳ ಕರಾರು ಬರೆಸ್ತೀವಲ್ಲ, ಓನರ್ ಮೇಲೆ ನಂಬಿಕೆ ಇಲ್ಲ ಅಂತಾನಾ? ಮುಂದೆ ಮನಸ್ತಾಪ ಬರದಿರಲಿ ಅಂತ ತಾನೇ?

ಮಹಡಿ ಮೇಲಿನ ಆ ರೂಮುಗಳು ಮುಚ್ಚಿ ಹೋದರೆ ನಷ್ಟ ಆ ಹುಡುಗರಿಗೆ ಮಾತ್ರ ಅಲ್ಲ. ಕನ್ನಡದಲ್ಲಿ ಸಿನಿಮಾ ಆಚೆಗೆ ಹೊಸ ಹಾಡು ಹುಟ್ಟೋ ಜಾಗ ಅಷ್ಟಷ್ಟೇ ಕಡಿಮೆಯಾಗುತ್ತೆ. ಆದ್ದರಿಂದ ಗೆಳೆಯರೇ, ಮೊದಲು ಬಾಗಿಲಿಗೆ 'ಇಲ್ಲಿ ಸಂಗೀತ ಹೇಳಿಕೊಡಲಾಗುತ್ತದೆ' ಅಂತ ಬೋರ್ಡು ಹಾಕಿ. ನಾಚಿಕೆ ಬೇಡ.

ನಿಮಗೇನನ್ನಿಸುತ್ತೆ?